ವಿಂಡೋಸ್ ಇರುವ ಹೊಸ ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಲು ಸೆಕ್ಯೂರ್ ಬೂಟ್ ಆಫ್ ಮಾಡಲೇಬೇಕಾ?

ಬೇಕಿಲ್ಲ. ಸೆಕ್ಯೂರ್ ಬೂಟ್ ಅಂದರೆ ಲ್ಯಾಪ್‌ಟಾಪ್ ಶುರುವಾಗುವಾಗ ನಂಬಿಕಸ್ಥ ಸಹಿ ಇರುವ ಪ್ರೋಗ್ರಾಂಗಳನ್ನಷ್ಟೇ ಓಡಲು ಬಿಡುವ ಕಾವಲು. ಉಬುಂಟು (ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಂ) 2012ರ 12.10 ಆವೃತ್ತಿಯಿಂದಲೇ ಸೆಕ್ಯೂರ್ ಬೂಟ್ ಜೊತೆ ಹೊಂದಿಕೊಳ್ಳುತ್ತದೆ. ಅದರಲ್ಲಿರುವ ‘ಶಿಮ್’ ಎಂಬ ಪುಟ್ಟ ಪ್ರೋಗ್ರಾಂಗೆ ಮೈಕ್ರೋಸಾಫ್ಟ್‌ನ ಡಿಜಿಟಲ್ ಸಹಿ ಇರುತ್ತದೆ. ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಓಡುವ ಯುಇಎಫ್‌ಐ ಎಂಬ ತಂತ್ರಾಂಶ ಆ ಸಹಿ ನೋಡಿ ಒಳಗೆ ಬಿಡುತ್ತದೆ.

ನಿಜವಾದ ಎಚ್ಚರ ಬೇಕಿರುವುದು ಬಿಟ್‌ಲಾಕರ್, ಅಂದರೆ ಡಿಸ್ಕ್‌ನ ಮಾಹಿತಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯದ ವಿಷಯದಲ್ಲಿ. ಹುಬ್ಬಳ್ಳಿ ವಿದ್ಯಾನಗರದ ರೂಮಿನಲ್ಲಿ ಗೆಳೆಯನ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆವು. ಸುಮ್ನೆ ಸೆಕ್ಯೂರ್ ಬೂಟ್ ಆಫ್ ಮಾಡಿದ್ದೇ ತಡ, ಮುಂದಿನ ಸಲ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಿತು. ಪುಣ್ಯಕ್ಕೆ ಅವನ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಕ್ಕಿತು. ನೀವು ಮೊದಲೇ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ವಿಂಡೋಸ್ ಪೂರ್ತಿ ಮುಚ್ಚದೆ ಬೇಗ ಶುರುವಾಗುವಂತೆ ಮಾಡುವ ಫಾಸ್ಟ್ ಸ್ಟಾರ್ಟಪ್ ಮಾತ್ರ ಆಫ್ ಮಾಡಿ. ಉಬುಂಟು ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡುವಾಗ ಯುಇಎಫ್‌ಐ ಎಂದಿರುವ ಸಾಲನ್ನೇ ಆರಿಸಿ. ಮತ್ತೆ, ಈಗಿರುವ ಇಎಫ್‌ಐ ಪಾರ್ಟಿಷನ್ (ಡಿಸ್ಕ್‌ನ ಒಂದು ಭಾಗ) ಫಾರ್ಮ್ಯಾಟ್ ಮಾಡಲೇಬೇಡಿ, ವಿಂಡೋಸ್ ಶುರುವಾಗುವುದು ಅಲ್ಲಿಂದಲೇ ಅಲ್ವಾ.