ಚಿಂಚೋಳಿ ಗುಡ್ಡದ ಸವಕಳಿ ನಕ್ಷೆ: ಮೊದಲು ತಿಂಗಳು ಹೊಂದಿಸಿಕೊಳ್ಳಿ

ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆಯ ಗೆಳೆಯರ ಪ್ರಶ್ನೆಗೆ ಉತ್ತರ. ಗುಡ್ಡದ ಬುಡದ ಹೊಲಕ್ಕೆ ಪ್ರತಿ ಮಳೆಗೂ ಮೊರಂ (ಕಲ್ಲು ಬೆರೆತ ಮಣ್ಣು) ಇಳಿಯುತ್ತಿದೆ, ಇಪ್ಪತ್ತು ವರ್ಷದ ಸವಕಳಿ ನಕ್ಷೆ ಮಾಡಿ ಪಂಚಾಯ್ತಿಗೆ ಕೊಡಬೇಕು ಅಂದಿದ್ದಾರೆ. ಬಾಹ್ಯಾಕಾಶದಿಂದ ಅಳೆದ ನೆಲದ ಎತ್ತರದ ನಕ್ಷೆಗಳಾದ (ಡಿಇಎಂ) ಎಸ್‌ಆರ್‌ಟಿಎಂ ಮತ್ತು ಕೋಪರ್ನಿಕಸ್‌ಗಳಲ್ಲಿ ಒಂದರಿಂದ ಇನ್ನೊಂದನ್ನು ಕಳೆದು ನೋಡಿದಾಗ ಕೆಲವು ಕಡೆ ನಾಲ್ಕೈದು ಮೀಟರ್ ನೆಲ ಇಳಿದಂತೆ ಕಂಡಿದೆಯಂತೆ.

ಅದನ್ನು ನಂಬಬೇಡಿ. ಎಸ್‌ಆರ್‌ಟಿಎಂ 2000ದ ಫೆಬ್ರುವರಿಯದ್ದು, ಇನ್ನೊಂದು ಮುಖ್ಯವಾಗಿ 2011–2015ರ ದತ್ತಾಂಶ. ಎರಡರಲ್ಲೂ ಮರಗಳ ಎತ್ತರ ಸೇರಿಕೊಂಡಿರುತ್ತದೆ, ಅಳತೆಯ ತಪ್ಪೇ ಕೆಲವು ಮೀಟರ್ ಇರುತ್ತದೆ. ಹೊಲದ ಮೇಲ್ಮಣ್ಣು ಹೋಗುವುದು ಮಿಲಿಮೀಟರ್ ಲೆಕ್ಕದಲ್ಲಿ. ಹಾಗಂತ ಅದು ಸಣ್ಣದಲ್ಲ: ಹೆಕ್ಟೇರಿಗೆ 1 ಮಿ.ಮೀ. ಅಂದರೆ 10 ಘನ ಮೀಟರ್, ಸುಮಾರು 13 ಟನ್ ಮಣ್ಣು.

ಅದರ ಬದಲು ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶದಲ್ಲಿ ಮಣ್ಣಿನ ಸವಕಳಿ ಅಂದಾಜಿಸುವ ರಸಲ್ (RUSLE) ಸೂತ್ರ ಹಾಕಿ. ಮಳೆಯ ಹೊಡೆತ, ಮಣ್ಣಿನ ಗುಣ, ಇಳಿಜಾರು, ಗಿಡಮರ-ಬೆಳೆಯ ಹೊದಿಕೆ, ಒಡ್ಡು ಈ ಐದರ ಗುಣಾಕಾರ ಅದು. ಹಳೆಯ ವರ್ಷಕ್ಕೊಂದು, ಈಗಿನದಕ್ಕೊಂದು ಲೆಕ್ಕ ಮಾಡಿ ಹೋಲಿಸಬೇಕು; ಮಣ್ಣು, ಇಳಿಜಾರಿನ ಅಂಕಿ ಎರಡಕ್ಕೂ ಒಂದೇ ಇರಲಿ. ಮಳೆಗೂ ದೀರ್ಘಕಾಲದ ಸರಾಸರಿಯನ್ನೇ ಹಾಕಿ, ಇಲ್ಲದಿದ್ದರೆ ಒಂದು ಅತಿವೃಷ್ಟಿ ವರ್ಷ ಇಡೀ ನಕ್ಷೆಯನ್ನು ಕೆಂಪು ಮಾಡಿಬಿಡುತ್ತದೆ.

ನಮ್ಮ ಕಡೆ ಎಡವುವುದು ಹೊದಿಕೆಯಲ್ಲೇ. ಚಿಂಚೋಳಿಯದ್ದು ಎಲೆ ಉದುರಿಸುವ ಕಾಡು. ಏಪ್ರಿಲ್‌ನ ಉಪಗ್ರಹ ಚಿತ್ರದಲ್ಲಿ ಅದು ಬೋಳು ನೆಲದಂತೆ ಕಾಣುತ್ತದೆ, ಆದರೆ ನೆಲದ ಮೇಲೆ ತರಗೆಲೆ ಹಾಸಿರುತ್ತದೆ. ನವೆಂಬರ್‌ನಲ್ಲಿ ತೊಗರಿ ಹೊಲವೂ ಕಾಡಿನಷ್ಟೇ ಹಸಿರು. ಆದರೆ ಜೂನ್-ಜುಲೈನ ಹೊಡೆತದ ಮಳೆ ಬೀಳುವಾಗ ತೊಗರಿ ಗೇಣುದ್ದವೂ ಇರುವುದಿಲ್ಲ, ಸಾಲುಗಳ ನಡುವೆ ಮಣ್ಣು ಬರಿದು. ಅದಕ್ಕೇ ಒಂದು ವರ್ಷಕ್ಕೆ ಎರಡು ಚಿತ್ರ ಬೇಕು: ಕಾಡನ್ನು ಗುರುತಿಸಲು ಅಕ್ಟೋಬರ್ ಕೊನೆಯದ್ದು, ಉತ್ತ ಹೊಲ ಬೇರ್ಪಡಿಸಲು ಮೇ ತಿಂಗಳದ್ದು. ಹಳೆಯ ವರ್ಷಕ್ಕೂ ಅದೇ ತಿಂಗಳುಗಳು. 2015ರ ನಂತರಕ್ಕೆ ಸೆಂಟಿನೆಲ್-2 ಉಪಗ್ರಹದ ಚಿತ್ರ ಸಿಗುತ್ತದೆ, 10 ಮೀಟರ್ ವಿವರ. ಹಿಂದಿನದಕ್ಕೆ ಲ್ಯಾಂಡ್‌ಸ್ಯಾಟ್-5 ಉಪಗ್ರಹದ್ದು ತೆಗೆದುಕೊಳ್ಳಿ. ಲ್ಯಾಂಡ್‌ಸ್ಯಾಟ್-7ರ ಚಿತ್ರಗಳಲ್ಲಿ 2003ರ ಮೇ ಕೊನೆಯಿಂದ ಪಟ್ಟೆ ಪಟ್ಟೆಯಾಗಿ ಖಾಲಿ ಜಾಗ ಬರುತ್ತದೆ. ಹೋಲಿಸುವ ಮುನ್ನ ಸೆಂಟಿನೆಲ್-2, ಲ್ಯಾಂಡ್‌ಸ್ಯಾಟ್-5 ಎರಡರ ಚಿತ್ರವನ್ನೂ 30 ಮೀಟರ್ ವಿವರಕ್ಕೆ ತನ್ನಿ.

ಇಷ್ಟಾದರೂ ಸಿಗುವುದು ಅಪಾಯದ ಅಂದಾಜು ಮಾತ್ರ. ರಸಲ್‌ಗೆ ಕೊರಕಲು ಲೆಕ್ಕಕ್ಕೇ ಬರುವುದಿಲ್ಲ, ನಿಮಗೆ ಮೊರಂ ತರುತ್ತಿರುವುದು ಬಹುಶಃ ಅದೇ. ಗೂಗಲ್ ಅರ್ಥ್ ಪ್ರೋದಲ್ಲಿ ಹಳೆಯ ಚಿತ್ರಗಳನ್ನು ತೆರೆದು, ಪ್ರತಿ ಕೊರಕಲಿನ ತುದಿಗೆ ವರ್ಷವಾರು ಗುರುತು ಹಾಕಿ. ಇಳಿಜಾರಿನಲ್ಲಿ ಅದು ಎಷ್ಟು ಮೇಲಕ್ಕೆ ಏರಿದೆ ಅನ್ನುವುದನ್ನು ಮೀಟರ್‌ನಲ್ಲೇ ತೋರಿಸಬಹುದು. ಚಿತ್ರಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ, ಹಾಗಾಗಿ ಗುಡಿ, ಬಾವಿ, ದೊಡ್ಡ ಬಂಡೆಯಿಂದ ದೂರ ಅಳೆಯಿರಿ. ಪಂಚಾಯ್ತಿಯವರಿಗೆ ಬಣ್ಣದ ನಕ್ಷೆಗಿಂತ ಇದು ಬೇಗ ಅರ್ಥವಾಗುತ್ತದೆ.

ಈ ಮಳೆಗಾಲಕ್ಕೆ ಮುಂಚೆ ಇಳಿಜಾರಿನಲ್ಲಿ ಮೇಲೆ, ನಡುವೆ, ಕೆಳಗೆ ಎರಡಡಿ ಕಬ್ಬಿಣದ ಸರಳು ಬಡಿದು, ನೆಲದ ಮೇಲೆ 10 ಸೆಂ.ಮೀ. ಬಿಡಿ. ಹೊರಗೆ ಕಾಣುವ ಸರಳಿನ ಉದ್ದವನ್ನು ಈಗೊಮ್ಮೆ, ಮಳೆ ನಿಂತು ನೆಲ ಒಣಗಿದ ಮೇಲೊಮ್ಮೆ ಅಳೆಯಿರಿ; ಹೆಚ್ಚಾದಷ್ಟು ಮಣ್ಣು ಹೋಗಿದೆ ಅಂತ. ಕೆಂಪು ಮಡ್ಡಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಎರೆ ಭೂಮಿಯಲ್ಲಿ ಮಣ್ಣು ಉಬ್ಬಿ ಬಿರಿದು ಸರಳನ್ನೇ ಎತ್ತಿಬಿಡುತ್ತದೆ, ಅಲ್ಲಿನ ಅಳತೆಯನ್ನು ಪಂಚಾಯ್ತಿಗೆ ಕೊಡುವ ಕಾಗದಕ್ಕೆ ಸೇರಿಸಬೇಡಿ.