ಊರಿನ ಮಹಿಳಾ ಸಂಘಕ್ಕೆ ಹೊರಟ ತಂಗಿಗೆ

ಅಕ್ಕಾ ಎಂದು ಕರೆದು ಕೇಳಿದ್ದೀಯ, ಹಾಗಾಗಿ ನೀನು ಎಂದೇ ಬರೆಯುತ್ತೇನೆ. ಗಂಡನ ಕೆಲಸಕ್ಕಾಗಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಹಳ್ಳಿಯೊಂದಕ್ಕೆ ಬಂದು ಕೆಲವೇ ತಿಂಗಳಾಗಿದೆ, ಪಕ್ಕದ ಮನೆಯಾಕೆ ವಿಮೆನ್ಸ್ ಇನ್‌ಸ್ಟಿಟ್ಯೂಟ್ ಎಂಬ ಮಹಿಳಾ ಸಂಘದ ತಿಂಗಳ ಸಭೆಗೆ ಕರೆದಿದ್ದಾರೆ ಎಂದಿದ್ದೀಯ. ಹೋಗಬೇಕೇ, ಏನು ಒಯ್ಯಬೇಕು, ಮೊಟ್ಟೆ ತಿನ್ನದವಳು ಕೇಕುಗಳ ಮೇಜಿನ ಮುಂದೆ ಏನು ಮಾಡಬೇಕು, ಅವರು ಹಾಡುವ ಹಾಡು ಚರ್ಚಿನ ಪ್ರಾರ್ಥನೆಯೇ, ಇದರಿಂದ ಮುಂದೆ ಕೆಲಸವೇನಾದರೂ ಸಿಕ್ಕೀತೇ ಎಂದು ಒಂದೇ ಉಸಿರಿಗೆ ಕೇಳಿದ್ದೀಯ.

ಹೋಗು. ನಾನು ಈ ದೇಶಕ್ಕೆ ಬಂದಿಳಿದದ್ದು ನವೆಂಬರಿನಲ್ಲಿ. ನಾಲ್ಕು ಗಂಟೆಗೆಲ್ಲ ಕತ್ತಲು, ಬೀದಿಯಲ್ಲಿ ನರಪಿಳ್ಳೆಯ ಸುಳಿವಿಲ್ಲ. ಹಾಲಿನವರು, ಹೂವಿನವರು, ಎದುರು ಮನೆಯ ಅಜ್ಜಿ ಎಂದು ಬೆಳಗಾದರೆ ಹತ್ತು ಜನರೊಂದಿಗೆ ಮಾತಾಡಿ ಅಭ್ಯಾಸವಾದವಳಿಗೆ ಆ ಮೌನ ಚಳಿಗಿಂತಲೂ ಹೆಚ್ಚಾಗಿ ಕೊರೆಯಿತು. ಗ್ರಂಥಾಲಯದ ಸೂಚನಾ ಫಲಕದಲ್ಲಿ ಈ ಸಂಘದ ಚೀಟಿ ನೋಡಿ ಧೈರ್ಯ ಮಾಡಿ ಹೋದೆ. ಇವತ್ತು ಈ ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರಲ್ಲಿ ಬಹಳಷ್ಟು ಮಂದಿ ಆ ಸಭಾಂಗಣದಲ್ಲಿ ಸಿಕ್ಕವರೇ.

ಕೇಕು ತಿನ್ನುವ ಹೆಂಗಸರ ಕೂಟ ಎಂದು ಮಾತ್ರ ತಿಳಿಯಬೇಡ. ಇದು ಹುಟ್ಟಿದ್ದು 1897ರಲ್ಲಿ, ಕೆನಡಾದ ಸ್ಟೋನಿ ಕ್ರೀಕ್ ಎಂಬ ಊರಿನಲ್ಲಿ. ಅಡಿಲೇಡ್ ಹೂಡ್‌ಲೆಸ್ ಎಂಬ ತಾಯಿಯ ಹಸುಗೂಸು ತೀರಿಕೊಂಡಿತ್ತು. ಕೆಟ್ಟ ಹಾಲೇ ಕಾರಣವೆನ್ನುತ್ತಾರೆ. ಮನೆವಾರ್ತೆಯ ತಿಳಿವಳಿಕೆ ಹಳ್ಳಿಯ ಹೆಂಗಸರಿಗೂ ಸಿಗಬೇಕೆಂದು ಆಕೆ ಹೋರಾಡಿದರು. ಬ್ರಿಟನ್ನಿನ ಮೊದಲ ಸಂಘ 1915ರಲ್ಲಿ ವೇಲ್ಸ್‌ನ ಲ್ಯಾನ್‌ವೈರ್‌ಪುಲ್‌ನಲ್ಲಿ ಶುರುವಾಯಿತು. ಯುದ್ಧದ ಕಾಲ, ಊಟಕ್ಕೆ ಬೇಕಾದದ್ದನ್ನು ಹಳ್ಳಿಗಳೇ ಬೆಳೆಯಬೇಕಿತ್ತು. ಎರಡನೆಯ ಮಹಾಯುದ್ಧದಲ್ಲಿ, 1940ರ ಒಂದೇ ವರ್ಷ, ಈ ಸಂಘಗಳ ಹೆಂಗಸರು ಸರ್ಕಾರ ಕೊಟ್ಟ ಸಕ್ಕರೆಯಲ್ಲಿ 1,600 ಟನ್ನಿಗೂ ಹೆಚ್ಚು ಜಾಮು ಮತ್ತಿತರ ಹಣ್ಣಿನ ಪದಾರ್ಥಗಳನ್ನು ಮಾಡಿಟ್ಟರು. ರಸ್ತೆಬದಿಯ ಕಸದ ವಿರುದ್ಧ ಇಲ್ಲಿ ನಡೆಯುವ ‘ಕೀಪ್ ಬ್ರಿಟನ್ ಟೈಡಿ’ ಚಳವಳಿಯ ಬೇರು 1954ರಲ್ಲಿ ಇವರು ಮಾಡಿದ ಠರಾವಿನಲ್ಲಿದೆ. ಇಂಥ ಸಂಘದ ಸದಸ್ಯೆ ಎಂದು ಹೇಳಿಕೊಳ್ಳಲು ನನಗೆ ನಿಜವಾಗಿಯೂ ಹೆಮ್ಮೆ.

ಇನ್ನು ಹಾಡು. ಅದು ವಿಲಿಯಂ ಬ್ಲೇಕ್‌ನ ಕವಿತೆ, ‘ಜೆರುಸಲೇಮ್’ ಎಂದು ಹೆಸರು. ಏಸುವಿನ ಪ್ರಸ್ತಾಪ ಅದರಲ್ಲಿದೆ, ಆದರೆ ಸಂಘ ಯಾವ ಮತಕ್ಕೂ ಯಾವ ಪಕ್ಷಕ್ಕೂ ಸೇರಿದ್ದಲ್ಲ. ಎಲ್ಲ ಊರುಗಳಲ್ಲೂ ಹಾಡುವುದಿಲ್ಲ. ಹಾಡಿದರೆ ಎದ್ದು ನಿಲ್ಲು, ದನಿಗೂಡಿಸುವುದು ನಿನ್ನಿಷ್ಟ. ಆಮೇಲೆ ಹಿಂದಿನ ಸಭೆಯ ವರದಿ, ಒಬ್ಬರ ಉಪನ್ಯಾಸ, ಚಹಾ, ರಾಫೆಲ್ ಎಂಬ ಲಾಟರಿ ಚೀಟಿ, ಮನೆಗೆ.

ತಿನಿಸಿನ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಹಸಿರು ಚುಕ್ಕೆ ಕಂಡರೆ ಮೊಟ್ಟೆ ಇಲ್ಲವೆಂದು ಕಣ್ಣು ಮುಚ್ಚಿ ತಿನ್ನುತ್ತೇವೆ. ಇಲ್ಲಿ ವೆಜಿಟೇರಿಯನ್ ಎಂದರೆ ಮೊಟ್ಟೆ ಸೇರಿರಬಹುದು. ಮೊಟ್ಟೆ ಖಂಡಿತ ಇಲ್ಲದ್ದು ವೀಗನ್. ಡಿಸೆಂಬರಿನಲ್ಲಿ ಮಿನ್ಸ್ ಪೈ ಬರುತ್ತವೆ. ಒಳಗೆ ಒಣದ್ರಾಕ್ಷಿ, ಸೇಬು ಎಲ್ಲ ಇರುತ್ತದೆ, ಆದರೆ ಜೊತೆಗೆ ಸೂಯಟ್ ಎಂಬ ಕೊಬ್ಬು ಹಾಕಿರುತ್ತಾರೆ, ಅದು ದನದ್ದಿರಬಹುದು. ತಿನ್ನುವ ಮೊದಲು ಕೇಳು. ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಬದಲಿಗೆ ಪಾಕವಿಧಾನವನ್ನೇ ಬಾಯಿಪಾಠ ಒಪ್ಪಿಸುತ್ತಾರೆ.

ನೀನು ಒಯ್ಯಬೇಕಾದದ್ದು ಶಾರ್ಟ್‌ಬ್ರೆಡ್. ಸ್ಕಾಟ್ಲೆಂಡಿನವರ ಬಿಸ್ಕತ್ತು, ಮೊಟ್ಟೆಯ ಸೋಂಕೇ ಇಲ್ಲ. ತೂಕದಲ್ಲಿ ಮೈದಾ ಮೂರು ಪಾಲು, ಬೆಣ್ಣೆ ಎರಡು, ಸಕ್ಕರೆ ಒಂದು. 300 ಗ್ರಾಂ ಮೈದಾ, 200 ಗ್ರಾಂ ಬೆಣ್ಣೆ, 100 ಗ್ರಾಂ ಸಕ್ಕರೆ ತೆಗೆದುಕೋ. ಚಪಾತಿ ಹಿಟ್ಟಿನ ಹಾಗೆ ನಾದಬೇಡ, ಬೆರಳ ತುದಿಯಲ್ಲಿ ಉಜ್ಜಿ ಕೂಡಿಸಿ ತಟ್ಟೆಗೆ ಒತ್ತು, ಫೋರ್ಕಿನಿಂದ ಚುಚ್ಚು. 160 ಡಿಗ್ರಿಯಲ್ಲಿ ಅಂಚು ತುಸು ಹೊಂಬಣ್ಣಕ್ಕೆ ತಿರುಗುವವರೆಗೆ ಬೇಯಿಸಿ, ಬಿಸಿಯಿರುವಾಗಲೇ ಗೆರೆ ಎಳೆದು ತುಂಡು ಮಾಡು. ನಮ್ಮ ಬೇಕರಿಯ ಬೆಣ್ಣೆ ಬಿಸ್ಕತ್ತನ್ನು ತಿಂದು ಬೆಳೆದ ಬಾಯಿಗೆ ಇದು ಒಂದೇ ಕಡಿತಕ್ಕೆ ಒಗ್ಗುತ್ತದೆ. ಏಲಕ್ಕಿ ಹಾಕಬಹುದು, ಚೆನ್ನಾಗಿರುತ್ತದೆ. ಆದರೆ ಗೋಡಂಬಿ, ಬಾದಾಮಿ ಪುಡಿ ಹಾಕಿದರೆ ಒಂದು ಚೀಟಿಯಲ್ಲಿ ಬರೆದಿಡು. ಅವು ಮೈಗಾಗದವರು ಇಲ್ಲಿ ಬಹಳ.

ಸಂಘದ ಕೇಕಿನ ಸ್ಪರ್ಧೆಗೆ ಮಾತ್ರ ಈಗಲೇ ಕೈ ಹಾಕಬೇಡ. ವಿಕ್ಟೋರಿಯಾ ಸ್ಪಂಜ್ ಎಂದರೆ ಇವರಿಗೆ ಶಾಸ್ತ್ರ. ಮೊಟ್ಟೆಗಳನ್ನು ಚಿಪ್ಪಿನ ಸಮೇತ ತೂಗಿ, ಅದೇ ತೂಕದ ಬೆಣ್ಣೆ, ಸಕ್ಕರೆ, ಹಿಟ್ಟು. ಎರಡು ಪದರದ ನಡುವೆ ರಾಸ್‌ಬೆರಿ ಜಾಮು, ಮೇಲೆ ಸಣ್ಣ ಸಕ್ಕರೆ, ಕ್ರೀಮ್ ಕೂಡದು. ತೀರ್ಪುಗಾರ್ತಿ ಮೊದಲು ಬಗ್ಗಿ ನೋಡುವುದು ಮೇಲ್ಮೈಯನ್ನು. ಆರಲು ಇಟ್ಟ ತಂತಿ ಜಾಲರಿಯ ಗೆರೆ ಮೂಡಿದ್ದರೆ ರುಚಿ ನೋಡುವ ಮೊದಲೇ ಅಂಕ ಹೋಯಿತು. ನಮ್ಮ ಅಜ್ಜಿಯರು ಹೋಳಿಗೆಯ ಅಂಚು ನೋಡಿ ಸೊಸೆಯ ಕೈ ಅಳೆಯುತ್ತಿದ್ದರಲ್ಲ, ನನಗೆ ಅಲ್ಲಿ ಪರಕೀಯವೆನಿಸಲೇ ಇಲ್ಲ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಬೇರೆ. ಉಪಚಾರದ ವಿಷಯ. ನಮ್ಮಲ್ಲಿ ಮೊದಲ ಸಲ ಕೇಳಿದಾಗ ಬೇಡ ಎನ್ನುವುದು ಮರ್ಯಾದೆ, ಎರಡು ಮೂರು ಸಲ ಒತ್ತಾಯಿಸಿ ಬಡಿಸುವುದು ಪ್ರೀತಿ. ಇಲ್ಲಿ ಬೇಡ ಎಂದರೆ ಬೇಡ. ಒತ್ತಾಯಿಸದಿರುವುದೇ ಇವರ ಪ್ರಕಾರ ನಿನಗೆ ಕೊಡುವ ಗೌರವ.

ಅಮ್ಮ ಒಂದು ಬೇಸಿಗೆ ನಮ್ಮಲ್ಲಿಗೆ ಬಂದಿದ್ದಾಗ ಸಭೆಗೆ ಕರೆದುಕೊಂಡು ಹೋಗಿದ್ದೆ. ಶಾರ್ಟ್‌ಬ್ರೆಡ್ ನಾನೇ ಮಾಡಿದ್ದು, ಅಮ್ಮನೇ ಪಕ್ಕದಲ್ಲಿ ನಿಂತು ಬೆಣ್ಣೆ ತೂಗಿ ಕೊಟ್ಟಿದ್ದರು. ನಾನು ಚಹಾದ ಕೆಲಸದಲ್ಲಿದ್ದೆ. ಸಂಘದ ಕಾರ್ಯದರ್ಶಿ, ಎಂಬತ್ತರ ಹತ್ತಿರದ ಹಿರಿಯ ಜೀವ, ತಟ್ಟೆಯನ್ನು ಎಲ್ಲರಿಗಿಂತ ಮೊದಲು ಅಮ್ಮನ ಮುಂದೆ ಹಿಡಿದರು. ಅಮ್ಮ ನಕ್ಕು, ಅಂಗೈ ಅಡ್ಡ ಹಿಡಿದು, ಬೇಡಮ್ಮ ಎಂದರು. ಆಕೆ ತಲೆಯಾಡಿಸಿ ಪಕ್ಕದವರ ಬಳಿಗೆ ಹೋದರು. ಅಮ್ಮನ ಕಣ್ಣು ಸಾಲಿನ ಕೊನೆಯವರೆಗೂ ಆ ತಟ್ಟೆಯ ಹಿಂದೆಯೇ ಹೋಯಿತು. ದಾರಿಯಲ್ಲಿ ‘ಒಂದು ಮಾತು ಬಲವಂತ ಮಾಡಲಿಲ್ಲವಲ್ಲೇ’ ಎಂದರು, ಅಷ್ಟೇ. ನಾನು ವಿವರಿಸಿದೆ, ಹೂಂ ಎಂದರು, ಆದರೆ ಮತ್ತೆ ಆ ಸಭಾಂಗಣದ ಮೆಟ್ಟಿಲು ಹತ್ತಲಿಲ್ಲ. ಮರುವಾರ ಕಾರ್ಯದರ್ಶಿ ಅಂಗಡಿಯಲ್ಲಿ ಸಿಕ್ಕಿ, ನಿಮ್ಮ ತಾಯಿಗೆ ನಮ್ಮ ಸಭೆ ಹಿಡಿಸಲಿಲ್ಲವೇ ಎಂದು ಕೇಳಿದರು. ಅವರ ಮುಖದಲ್ಲೂ ನೋವಿತ್ತು. ಇಬ್ಬರೂ ಮರ್ಯಾದೆಯನ್ನೇ ತೋರಿಸಿದ್ದರು. ಅಮ್ಮನಿಗೆ ಇನ್ನೊಂದು ಸಲ ಬರಲು ಆರೋಗ್ಯ ಬಿಡಲಿಲ್ಲ, ಇಂದು ಇಬ್ಬರೂ ಇಲ್ಲ. ಅವರಿಬ್ಬರನ್ನು ಒಂದು ಮೇಜಿನ ಎದುರುಬದುರು ಕೂರಿಸಿ ಚಹಾ ಕೊಡಲಾಗಲಿಲ್ಲ ಎಂಬ ಕೊರಗು ನನಗೆ ಹೋಗುವುದಿಲ್ಲ.

ಆದ್ದರಿಂದ ತಟ್ಟೆ ಬಂದಾಗ, ತಿನ್ನಬೇಕೆನಿಸಿದರೆ ಮೊದಲ ಸಲವೇ ತೆಗೆದುಕೋ. ನೀನು ಕೊಡುವಾಗಲೂ ಒಮ್ಮೆ ಕೇಳಿ ಬಿಡು. ಅವರು ಸಾಕು ಎಂದರೆ ನಿನ್ನ ತಿಂಡಿ ಸೇರಲಿಲ್ಲವೆಂದಲ್ಲ. ಇನ್ನೂ ಒಂದು ಮಾತು: ಮುಂದಿನ ತಿಂಗಳ ಚಹಾಕ್ಕೆ ಯಾರು ಸಹಾಯ ಮಾಡುತ್ತೀರಿ ಎಂದು ಕೇಳಿದಾಗ ಕೈ ಎತ್ತು. ನಮ್ಮ ಮದುವೆಮನೆಗಳಲ್ಲಿ ಹೇಳದೆಯೇ ಅಡುಗೆಮನೆಗೆ ನುಗ್ಗುತ್ತೇವೆ, ಇಲ್ಲಿ ಪಟ್ಟಿಯಲ್ಲಿ ಹೆಸರು ಬರೆಸಬೇಕು. ಕುರ್ಚಿಯಲ್ಲಿ ಕುಳಿತವಳ ಜೊತೆ ಹವಾಮಾನದ ಮಾತಾಡುತ್ತಾರೆ. ಕಪ್ಪು ತೊಳೆದು ಒರೆಸುವವಳ ಜೊತೆ ಮಂಡಿನೋವು, ಮೊಮ್ಮಕ್ಕಳು, ಗಂಡನ ಕಾಯಿಲೆ ಎಲ್ಲ ಮಾತಾಡುತ್ತಾರೆ. ನನ್ನ ಇಂಗ್ಲಿಷ್ ತಿದ್ದಿದ್ದೂ ಆ ಸಿಂಕಿನ ಪಕ್ಕದಲ್ಲೇ.

ಕೆಲಸದ ಆಸೆಯಿಂದ ಹೋಗಬೇಡ, ಸಿಕ್ಕರೆ ಸಂತೋಷ. ಸದಸ್ಯತ್ವಕ್ಕೆ ವರ್ಷಕ್ಕೊಮ್ಮೆ ಶುಲ್ಕವಿದೆ, ಸೇರುವ ಮೊದಲು ಅತಿಥಿಯಾಗಿ ಹೋಗಿ ನೋಡಬಹುದು. ಸಭೆ ಸಂಜೆ ಇದ್ದರೆ ಹಳ್ಳಿಯ ಬಸ್ಸನ್ನು ನಂಬಬೇಡ. ಡ್ರೈವಿಂಗ್ ಪರೀಕ್ಷೆಗೆ ಈಗಿನಿಂದಲೇ ತಯಾರಿ ಮಾಡು, ನಮ್ಮ ಭಾರತದ ಪರವಾನಗಿ ಇಲ್ಲಿ ನೆಲೆಸಿದ ಮೇಲೆ 12 ತಿಂಗಳಷ್ಟೇ ನಡೆಯುತ್ತದೆ.

ಸೀರೆ ಉಡಬಹುದೇ ಎಂದು ಕೊನೆಗೆ ಕೇಳಿದ್ದೀಯ. ಧಾರಾಳವಾಗಿ ಉಡು, ಮೇಲೊಂದು ಉಣ್ಣೆಯ ಸ್ವೆಟರ್ ಇರಲಿ, ಹಳ್ಳಿಯ ಸಭಾಂಗಣಗಳು ಬೇಗ ಬೆಚ್ಚಗಾಗುವುದಿಲ್ಲ. ತಟ್ಟೆಯ ತಳಕ್ಕೆ ನಿನ್ನ ಹೆಸರಿನ ಚೀಟಿ ಅಂಟಿಸಿಕೊಂಡು ಹೋಗು. ನಮ್ಮಲ್ಲಿಯ ಹಾಗೆ ಅದರಲ್ಲಿ ಏನಾದರೂ ತುಂಬಿಸಿ ಮರಳಿಸುವ ಪದ್ಧತಿ ಇಲ್ಲ, ತೊಳೆದು ಬರಿದೇ ಕೊಡುತ್ತಾರೆ. ಅದಕ್ಕೆ ಮನಸ್ಸು ಸಣ್ಣದು ಮಾಡಿಕೊಳ್ಳಬೇಡ.