ಮಳೆ ಬಂದರೆ ಬಚ್ಚಲು ಉಕ್ಕುತ್ತದೆ, ಯಾರನ್ನು ಕೇಳೋಣ?

ಪ್ರಶ್ನೆ: ನಮ್ಮ ಮನೆ ಇರುವುದು ಇಳಿಜಾರಿನಲ್ಲಿ. ಮೇಲೆ ನಾವಿದ್ದೇವೆ, ಕೆಳಗಿನ ಎರಡು ರೂಮು ಹೋಂಸ್ಟೇ. ಜುಲೈ ಬಂತೆಂದರೆ ಕೆಳಗಿನ ಬಚ್ಚಲಿನಿಂದ ಗಲೀಜು ನೀರು ಮೇಲೆ ಬರುತ್ತದೆ. ಹೋದ ಮಳೆಗಾಲದಲ್ಲಿ ಎರಡು ಸಲ ಪಿಟ್ (ಕಕ್ಕಸಿನ ಗುಂಡಿ) ಖಾಲಿ ಮಾಡಿಸಿದೆವು. ವಾರದಲ್ಲಿ ಮತ್ತೆ ಅದೇ ಕಥೆ. ತೆರಿಗೆ ಕಟ್ಟುವ ಆಫೀಸಿಗೆ ಹೋದರೆ ‘ಅದು ನಿಮ್ಮ ಪಿಟ್, ನೀವೇ ನೋಡಿಕೊಳ್ಳಿ’ ಅಂದರು. ನಾವು ತೆರಿಗೆ ಕಟ್ಟುತ್ತೇವೆ ಅಲ್ವಾ?
– ಓದುಗರೊಬ್ಬರು, ಮಡಿಕೇರಿ ತಾಲ್ಲೂಕು

ಉತ್ತರ: ಅಕ್ಕ, ಬೇಜಾರು ಮಾಡ್ಕೋಬೇಡಿ. ಆಫೀಸಿನವರು ಹೇಳಿದ್ದು ಸರಿ. ನಿಮ್ಮ ಜಾಗದೊಳಗಿನ ಪೈಪು, ಚೇಂಬರು (ಪೈಪುಗಳು ಕೂಡುವ ಮುಚ್ಚಳದ ತೊಟ್ಟಿ), ಪಿಟ್ ಎಲ್ಲ ನಿಮ್ಮದೇ.

ಈಗ ನಾನೊಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಸೂರಿನ ಮಳೆನೀರು ಎಲ್ಲಿಗೆ ಹೋಗುತ್ತದೆ?

ಮೂವತ್ತು ವರ್ಷದಿಂದ ಪ್ಲಂಬಿಂಗ್ ಕೆಲಸ ಮಾಡುತ್ತಿರುವ ನಾನೇ ಈ ತಪ್ಪು ಮಾಡಿದ್ದೆ. ನನ್ನ ಮನೆ ಕಟ್ಟುವಾಗ ಹದಿನೈದು ಅಡಿ ಪೈಪು ಉಳಿಯಲಿ ಅಂತ ಸೂರಿನ ನೀರನ್ನು ಕಕ್ಕಸಿನ ಚೇಂಬರಿಗೇ ತಿರುಗಿಸಿದೆ. ನಮ್ಮ ಕೊಡಗಿನ ಹಬ್ಬ ಕೈಲ್ ಮುಹೂರ್ತದ ದಿನ ಮನೆ ತುಂಬ ನೆಂಟರು, ಹೊರಗೆ ಜೋರು ಮಳೆ. ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ಕೆಳಗಿನ ಬಚ್ಚಲು ಉಕ್ಕಿತು. ‘ಊರಿನವರ ಪೈಪೆಲ್ಲ ರಿಪೇರಿ ಮಾಡ್ತೀರಿ’ ಅಂತ ನನ್ನ ಹೆಂಡತಿ ಈಗಲೂ ಚುಚ್ಚುತ್ತಾಳೆ.

ಲೆಕ್ಕ ಹಾಕಿ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಖರ್ಚಾಗುವುದು ಸುಮಾರು 500 ಲೀಟರ್ ನೀರು. 1,000 ಚದರ ಅಡಿ ಸೂರಿನ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ 9,000 ಲೀಟರಿಗೂ ಜಾಸ್ತಿ. ಮಡಿಕೇರಿ ಕಡೆ ಅಂಥ ದಿನ ಏನು ಅಪರೂಪವೇ? ಅಷ್ಟೂ ನೀರು ಪಿಟ್ಟಿಗೆ ನುಗ್ಗಿದರೆ ಅದು ಎಲ್ಲಿ ಹಿಡಿಸುತ್ತದೆ? ಎಲ್ಲಕ್ಕಿಂತ ತಗ್ಗಿನಲ್ಲಿರುವ ಬಾಯಿ ಹುಡುಕಿಕೊಂಡು ಹೊರಗೆ ಬರುತ್ತದೆ. ಆ ಬಾಯಿ ನಿಮ್ಮ ಹೋಂಸ್ಟೇ ಬಚ್ಚಲು.

ಮಳೆ ಇಲ್ಲದ ದಿನ ಸೂರಿನ ಪೈಪಿಗೆ ಒಂದು ಬಕೆಟ್ ರಂಗೋಲಿ ಬಣ್ಣದ ನೀರು ಸುರಿಯಿರಿ. ಕೆಳಗೆ ಚೇಂಬರಿನ ಮುಚ್ಚಳ ತೆಗೆದು ಒಬ್ಬರು ನೋಡುತ್ತಿರಲಿ. ಬಣ್ಣ ಬಂತೋ, ಕಳ್ಳ ಸಿಕ್ಕಿದ. ಆ ಪೈಪನ್ನು ಕತ್ತರಿಸಿ ಬೇರೆ ದಾರಿ ಮಾಡಿ. ಆದರೆ ದಯವಿಟ್ಟು ಆ ನೀರನ್ನು ಮನೆ ಹಿಂದಿನ ಬರೆಯ (ಕಡಿದಾದ ಮಣ್ಣಿನ ಗೋಡೆಯ) ಮೇಲೆ ಬಿಡಬೇಡಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತ ಕಂಡ ನಮಗೆ ಬರೆ ಕುಸಿಯುವುದು ಏನೆಂದು ಬೇರೆ ಹೇಳಬೇಕಾಗಿಲ್ಲ. ರಸ್ತೆ ಬದಿಯ ಚರಂಡಿಗೋ ತೋಡಿಗೋ (ಸಣ್ಣ ಹಳ್ಳಕ್ಕೋ) ಸೇರುವವರೆಗೆ ಪೈಪಿನಲ್ಲೇ ಒಯ್ಯಿರಿ. ಮಣ್ಣು ತುಂಬಿ ಸಮ ಮಾಡಿದ ಜಾಗದಲ್ಲಿ ಕಕ್ಕಸಿನ ಪೈಪು ಹಾದುಹೋಗಿದ್ದರೆ ಅದನ್ನೂ ನೋಡಿಸಿ. ಅಂಥ ಮಣ್ಣು ಕುಸಿದು ಜಾಯಿಂಟು ಬಿಟ್ಟುಕೊಳ್ಳುತ್ತದೆ. ಸೋರಿದ ನೀರು ವಾಸನೆ ಬರುವ ಮೊದಲೇ ಬರೆಯನ್ನು ನೆನೆಸಿರುತ್ತದೆ.

ಇನ್ನು ಪಿಟ್. ಜುಲೈನಲ್ಲಿ ಖಾಲಿ ಮಾಡಿಸುವುದು ಸುಮ್ನೆ ದುಡ್ಡು ದಂಡ. ಸುತ್ತಲಿನ ಮಣ್ಣೇ ನೀರು ಕುಡಿದು ಕೂತಿದೆ, ಆ ನೀರು ಪಿಟ್ಟಿನ ಗೋಡೆಯ ರಿಂಗುಗಳ ಸಂದಿಯಿಂದ ಒಳಗೆ ಬರುತ್ತದೆ. ಬಾವಿ ಮೊಗೆದ ಹಾಗೆ. ಮಾರ್ಚ್, ಏಪ್ರಿಲ್‌ನಲ್ಲಿ ಮಾಡಿಸಿ. ಪಿಟ್ಟಿನ ಬಾಯಿ ನೆಲಕ್ಕಿಂತ ಅರ್ಧ ಅಡಿ ಮೇಲಿರಲಿ. ಮೇಲಿನ ತೋಟದಿಂದ ಹರಿದು ಬರುವ ನೀರನ್ನು ತಿರುಗಿಸಲು ಒಂದು ಸಣ್ಣ ಕಾಲುವೆ ತೋಡಿಸಿ.

ಪಿಟ್ ಖಾಲಿ ಮಾಡಿಸಲು, ಗಲೀಜನ್ನು ಪೈಪಿನಿಂದ ಹೀರುವ ಸಕ್ಕಿಂಗ್ ಗಾಡಿಯನ್ನೇ ಕರೆಸಿ. ಗಾಡಿ ಬರುವಷ್ಟು ದಾರಿ ಇಲ್ಲ ಅಂತ ಯಾರನ್ನಾದರೂ ಒಳಗೆ ಇಳಿಸಬೇಡಿ. ಆ ಗ್ಯಾಸಿಗೆ ಒಂದೆರಡು ಉಸಿರಿನಲ್ಲೇ ಪ್ರಜ್ಞೆ ತಪ್ಪುತ್ತದೆ, ಎತ್ತಲು ಇಳಿದವರೂ ಬದುಕುವುದಿಲ್ಲ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾನೂನಿನಲ್ಲಿ ಇಳಿಸಿದವರಿಗೆ, ಅಂದರೆ ಮನೆ ಮಾಲೀಕರಿಗೂ, ಜೈಲು ಇದೆ.

ಅಡುಗೆಮನೆ ಬಗ್ಗೆ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಪಂದಿಕರಿ (ಹಂದಿಮಾಂಸದ ಅಡುಗೆ) ಪಾತ್ರೆಯನ್ನು ಬಿಸಿನೀರಿನಲ್ಲಿ ತೊಳೆದರೆ ಕೊಬ್ಬು ಕರಗಿ ಹೋಯಿತು ಅನ್ನಿಸುತ್ತದೆ. ಎಲ್ಲಿಗೂ ಹೋಗಿರುವುದಿಲ್ಲ. ನಮ್ಮ ಮಳೆಗಾಲದ ಚಳಿಗೆ ಪೈಪಿನೊಳಗೆ ಹತ್ತಡಿ ದಾಟುವಷ್ಟರಲ್ಲಿ ಮೇಣವಾಗುತ್ತದೆ. ಹಳೇ ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆಯಿರಿ. ರೂಮುಗಳ ಬಚ್ಚಲಿನಲ್ಲಿ ಮುಚ್ಚಳದ ಕಸದ ಬುಟ್ಟಿ ಇಡಿ. ಬುಟ್ಟಿ ಇಲ್ಲದ ಕಡೆ ಗೆಸ್ಟುಗಳ ಪ್ಯಾಡು, ಒದ್ದೆ ಟಿಶ್ಯೂ ಎಲ್ಲ ಕಮೋಡಿಗೇ ಹೋಗುತ್ತದೆ.

ಪ್ರಶ್ನೆ: ಮೈಸೂರಿನಲ್ಲಿ ಮಗಳ ಮನೆ ಇದೆ. ಅಲ್ಲಿ ಪಿಟ್ ಇಲ್ಲ, ಯುಜಿಡಿ (ಊರಿನ ಒಳಚರಂಡಿ). ಲೈನು ಕಟ್ಟಿಕೊಂಡರೆ ಹೊಣೆ ಯಾರದು? ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸಬೇಕೇ?
– ನಿವೃತ್ತ ಶಿಕ್ಷಕರು, ವಿರಾಜಪೇಟೆ

ಉತ್ತರ: ಸರ್, ಗೇಟಿನ ಹತ್ತಿರದ ಕೊನೇ ಚೇಂಬರಿನ ಮುಚ್ಚಳ ತೆಗೆಸಿ. ಅದು ತುಂಬಿ ನಿಂತಿದ್ದರೆ ತಡೆ ಅಲ್ಲಿಂದಾಚೆ ಇದೆ, ಮೊದಲು ಯುಜಿಡಿ ನೋಡಿಕೊಳ್ಳುವ ಆಫೀಸಿಗೆ ದೂರು ಕೊಡಿ. ಖಾಲಿ ಇದ್ದು ಬಚ್ಚಲು ಮಾತ್ರ ಉಕ್ಕುತ್ತಿದ್ದರೆ ತಡೆ ಕಾಂಪೌಂಡಿನ ಒಳಗೆ, ಖರ್ಚು ಮಗಳದು. ರಸ್ತೆ ಕೆಳಗಿನ ಮೇನ್ ಲೈನ್ ಅವಳದಲ್ಲ. ರಸ್ತೆ ಅಗೆಯಬೇಕಾಗಿ ಬಂದರೆ ಅನುಮತಿ ಇಲ್ಲದೆ ಗುದ್ದಲಿ ಮುಟ್ಟಬೇಡಿ.

ವಾಲ್ವ್ ಒಳ್ಳೆಯದೇ, ಆದರೆ ಅದು ಮುಚ್ಚಿಕೊಂಡಾಗ ಮನೆಯ ನೀರೂ ಹೊರಗೆ ಹೋಗುವುದಿಲ್ಲ. ಇಡೀ ಮನೆಯ ಲೈನಿಗೆ ಹಾಕಿಸಿದರೆ ಮಹಡಿಯಲ್ಲಿ ಸ್ನಾನ ಮಾಡಿದ ನೀರೇ ಕೆಳಗೆ ಉಕ್ಕುತ್ತದೆ. ತಗ್ಗಿನ ಬಚ್ಚಲಿನ ಪೈಪಿಗೆ ಮಾತ್ರ ಹಾಕಿಸಿ. ಮೇಲೆ ಮುಚ್ಚಳ ಇರುವ ಮಾದರಿಯನ್ನೇ ಕೇಳಿ, ಕಸ ಸಿಕ್ಕಿಕೊಂಡರೆ ಬಿಚ್ಚಿ ತೊಳೆಯಬೇಕಲ್ಲ.